ತಲೆಯ ಮೇಲಿನ ಕೈ

ಒಬ್ಬ ಮನುಷ್ಯನಿಗೆ ದೀಕ್ಷಾಸ್ನಾನ ಎಷ್ಟು ಸಲ? ಬೀದರ್ ಜಿಲ್ಲೆಯ ಕಮಠಾಣದ ನಮ್ಮ ಮನೆಯಲ್ಲಿ ಈಗ ಇದೇ ಚರ್ಚೆ. ಅಣ್ಣನ ಮಗ ಹೊಸ ಸಭೆಯೊಂದಕ್ಕೆ ಹೋಗತೊಡಗಿದ್ದಾನೆ. "ಕಾಕಾ, ಸಣ್ಣಾಂವ ಇದ್ದಾಗ ತಲಿ ಮ್ಯಾಲ ನೀರ್ ಹನಿಸಿದ್ದು ಲೆಕ್ಕಕ್ಕಿಲ್ಲಂತ. ಕಾರಂಜಾ ನೀರಾಗ ಮುಳುಗಿ ಮತ್ತ ತಗೋತೀನಿ" ಅಂದ.

ಅವನ ಮಾತನ್ನು ತಳ್ಳಿಹಾಕಲಾರೆ. ಯೇಸುಸ್ವಾಮಿ ಯೊರ್ದನ್ ಹೊಳೆಗೆ ಇಳಿದೇ ಯೋಹಾನನಿಂದ ದೀಕ್ಷಾಸ್ನಾನ ಮಾಡಿಸಿಕೊಂಡರು. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ ಇದನ್ನು ಕ್ರಿಸ್ತನೊಂದಿಗೆ ಸತ್ತು, ಹೂಳಲ್ಪಟ್ಟು, ಹೊಸ ಜೀವಕ್ಕೆ ಏಳುವುದೆಂದು ವಿವರಿಸುತ್ತಾನೆ. ಮುಳುಗಿ ಏಳುವಾಗ ಆ ಅರ್ಥ ಕಣ್ಣಿಗೇ ಕಾಣುತ್ತದೆ. ಆದರೆ ಆದಿಸಭೆಯ 'ದಿದಾಖೆ' ಎಂಬ ಚಿಕ್ಕ ಕೈಪಿಡಿ ಹರಿಯುವ ನೀರನ್ನು ಮೊದಲು ಹೇಳಿ, ಅದು ಸಿಗದಿದ್ದರೆ ಬೇರೆ ನೀರಾದೀತು, ಅದೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಅನ್ನುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ಅಲೆದು ಗೊತ್ತಿರುವ ನಮ್ಮ ಸೀಮೆಯವರಿಗೆ ಈ ಕರುಣೆ ಬೇಗ ಅರ್ಥವಾಗುತ್ತದೆ. ನಮ್ಮ ಮೆಥೋಡಿಸ್ಟ್ ಸಭೆ ಚಿಮುಕಿಸುವುದು, ಸುರಿಯುವುದು, ಮುಳುಗಿಸುವುದು ಮೂರನ್ನೂ ಒಪ್ಪುತ್ತದೆ. ಎರಡನೇ ಸಲ ಕೊಡುವುದನ್ನು ಒಪ್ಪುವುದಿಲ್ಲ.

ನಾನೂ ಒಪ್ಪುವುದಿಲ್ಲ, ಅದಕ್ಕೆ ಕಾರಣ ನಮ್ಮ ಆಯಿ. ಆಕೆ ಮಾದಿಗರ ಓಣಿಯಲ್ಲಿ ಬೆಳೆದವಳು. ತವರಿನ ಊರಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಿಗಾದರೂ ಮನಸ್ಸು ಕರಗಿದರೆ ಮೇಲಿನಿಂದ ಸುರಿಯುತ್ತಿದ್ದರು, ಕೊಡಕ್ಕೆ ಕೊಡ ತಾಗದಷ್ಟು ಎತ್ತರದಿಂದ. ತನ್ನ ದೀಕ್ಷಾಸ್ನಾನದ ದಿನ ನೆನೆದಾಗ ಆಯಿ ನೀರಿನ ಮಾತೇ ಎತ್ತುತ್ತಿರಲಿಲ್ಲ. "ಪಾದ್ರಿಯವರು ತಲಿ ಮ್ಯಾಲ ಕೈ ಇಟ್ರು ನೋಡಪಾ, ಲಗೂನ ತಗೀಲೇ ಇಲ್ಲ" ಅನ್ನುತ್ತಿದ್ದಳು.

ಆಯಿಗೆ ಓದು ಬರುತ್ತಿರಲಿಲ್ಲ. ತ್ರಯೇಕತ್ವವೆಂದರೆ ಏನೆಂದು ಕೇಳಿದ್ದರೆ ಸುಮ್ಮನಾಗುತ್ತಿದ್ದಳು. ಆದರೂ ಯಾರೂ ಮುಟ್ಟದ ತನ್ನನ್ನು ದೇವರು ಮೊದಲು ಮುಟ್ಟಿದನೆಂದು ಆಕೆಗೆ ಗೊತ್ತಿತ್ತು. ದೀಕ್ಷಾಸ್ನಾನದ ತಿರುಳು ನನಗೆ ಕಾಣುವುದು ಅಲ್ಲೇ. ನಮ್ಮ ನಂಬಿಕೆ ಎಷ್ಟು ಗಟ್ಟಿಯೆಂದು ತೋರಿಸುವ ಪರೀಕ್ಷೆ ಅದಲ್ಲ. ಮಾತು ಬರದ ಕೂಸಿಗೂ ಕೊಡುವುದು ಇದಕ್ಕೇ. 1784ರಲ್ಲಿ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಅಮೆರಿಕದ ಸಭೆಗೆ ಕಳಿಸಿದ ವಿಧಿಗಳಲ್ಲೂ ಶಿಶು ದೀಕ್ಷಾಸ್ನಾನ ಉಳಿದಿತ್ತು. ಕೂಸು ಬೆಳೆದ ಮೇಲೆ ತನ್ನ ಬಾಯಿಂದ ಒಪ್ಪಿಕೊಳ್ಳಬೇಕು, ನಿಜ. ಆದರೆ ಮತ್ತೊಮ್ಮೆ ದೀಕ್ಷಾಸ್ನಾನ ಪಡೆಯುವುದೆಂದರೆ ಮೊದಲ ಸಲ ದೇವರು ಬಂದೇ ಇರಲಿಲ್ಲ ಎಂದಂತೆ. ಆಯಿಯ ತಲೆ ಮುಟ್ಟಿದವನನ್ನು ಹಾಗೆ ಅಲ್ಲಗಳೆಯಲು ನನ್ನಿಂದಾಗದು.

ಹಾಗಾದರೆ ಎಲ್ಲ ಶಕ್ತಿ ನೀರಿನದೇ? ತೀರ್ಥಸ್ನಾನದಿಂದ ಒಳಗು ತೊಳೆಯುತ್ತದೆಯೇ ಎಂದು 12ನೇ ಶತಮಾನದ ಶರಣರು ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ ಕೇಳಿದ್ದರು. ಆ ಪ್ರಶ್ನೆಯನ್ನು ನಾವೂ ಎದುರಿಸಬೇಕು. ಪೇತ್ರನ ಮೊದಲ ಪತ್ರವೂ ದೀಕ್ಷಾಸ್ನಾನ ಮೈಯ ಕೊಳೆ ತೆಗೆಯುವ ಕೆಲಸವಲ್ಲ ಎಂದೇ ಹೇಳುತ್ತದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳನಿಗೆ ನೀರು ಸಿಗಲಿಲ್ಲ, ಪರದೈಸು ಸಿಕ್ಕಿತು. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಇಳಿದದ್ದು ನೀರಿಗಿಂತ ಮೊದಲೇ.

ಇನ್ನು ಕಾಗದದ ಸಂಕಟವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಅದಕ್ಕೇ ದೀಕ್ಷಾಸ್ನಾನವನ್ನು ಮುಂದೂಡುವವರಿದ್ದಾರೆ. ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನವನ್ನು ಮುಂದೂಡುತ್ತಾ 337ರಲ್ಲಿ ಮರಣಶಯ್ಯೆಯಲ್ಲಿ ಪಡೆದ. ನಮ್ಮಲ್ಲಿ ಮುಂದೂಡುವವರು ಮಕ್ಕಳ ಜಾತಿ ಪ್ರಮಾಣಪತ್ರ ಕೈತಪ್ಪೀತೆಂದು ಹೆದರುತ್ತಾರೆ. ಅವರನ್ನು ಅಲ್ಪವಿಶ್ವಾಸಿಗಳೆಂದು ಹಳಿಯುವುದು ಅನ್ಯಾಯ. ದೀಕ್ಷಾಸ್ನಾನವಾದ ಮರುದಿನ ಬಾವಿಕಟ್ಟೆಯೇನೂ ಆಯಿಗೆ ತೆರೆದುಕೊಳ್ಳಲಿಲ್ಲ.

ನನಗೆ ಹೆಚ್ಚು ನೋವು ಕೊಡುವುದು ನಮ್ಮೊಳಗಿನದೇ. ದೀಕ್ಷಾಸ್ನಾನ ಪಡೆದವರೆಲ್ಲ ಕ್ರಿಸ್ತನನ್ನೇ ಧರಿಸಿಕೊಂಡಿದ್ದಾರೆ, ಇನ್ನು ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಗಲಾತ್ಯದವರಿಗೆ ಪೌಲ ಬರೆದ. ಒಂದೇ ಬಟ್ಟಲಿನ ನೀರು ಪಡೆದ ನಾವು ಮಗಳ ಲಗ್ನದ ಮಾತಿಗೆ ಕೂತಾಗ ಮೊದಲು ಮಾದಿಗರೋ ಹೊಲೆಯರೋ ಎಂದು ವಿಚಾರಿಸುತ್ತೇವೆ. ಹನಿಸುವುದು ಸರಿಯೋ ಮುಳುಗಿಸುವುದು ಸರಿಯೋ ಎಂದು ಮನೆಮನೆಗೆ ಬಂದು ವಾದಿಸುವ ಪಾಸ್ಟರ್‌ಗಳು, ನಮ್ಮ ಸಭೆಯವರೂ ಸೇರಿ, ಒಂದು ಭಾನುವಾರ ಲಗ್ನದ ಈ ಜಾತಿಯ ವಿಷಯ ತೆಗೆದುಕೊಂಡು ಪ್ರಸಂಗ ಮಾಡಲಿ.