ಮನೆಗೆ ಯಾವಾಗ ಬರ್ತೀಯ?

1994ರಲ್ಲಿ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ದೇಶದ ಮೊದಲ ಟೆಕ್ನೋಪಾರ್ಕ್ 1990ರಲ್ಲಿ ಶುರುವಾಗಿದ್ದು ಅದೇ ಊರಿನಲ್ಲಿ. ಆದರೆ ಬ್ಯಾಂಕಿನವರಾದ ನಮಗೆ ಕೆಲಸವೆಂದರೆ ಕೌಂಟರು, ಲೆಡ್ಜರು. ಕ್ಯಾಷ್ ಟ್ಯಾಲಿಯಾಗಿ, ಸ್ಟ್ರಾಂಗ್ ರೂಮಿಗೆ ಬೀಗ ಬಿದ್ದು, ಶಟರ್ ಎಳೆದರೆ ದಿನ ಮುಗಿಯಿತು. ತುಮಕೂರಿನ ಮನೆಗೆ ಬರಬೇಕೆಂದರೆ ಐಲೆಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಕಳೆದು ಬೆಂಗಳೂರು, ಅಲ್ಲಿಂದ ಬಸ್ಸು.

ಈಗ ಮಗಳು ಕೊಚ್ಚಿಯಲ್ಲಿದ್ದಾಳೆ, ಕಾಕ್ಕನಾಡಿನ ಇನ್ಫೋಪಾರ್ಕಿನ ಒಂದು ಕಂಪನಿಯಲ್ಲಿ ಕೆಲಸ. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಮನೆಗೆ ಬಂತು, ಮತ್ತೆ ಪೂರ್ತಿಯಾಗಿ ಆಫೀಸಿಗೆ ಹೋಗಲೇ ಇಲ್ಲ. ಎಲ್ಲಿ ಕೂತರೂ ಕೆಲಸ ನಡೆಯುತ್ತೆ ಅಂದಮೇಲೆ ದೂರ ಅನ್ನೋದೇ ಇಲ್ಲವಲ್ಲ ಎಂದು ನಾವು ಹಿಗ್ಗಿದೆವು.

2022ರಲ್ಲಿ ನನ್ನ ಹೆಂಡತಿಗೆ ಮಂಡಿ ಆಪರೇಷನ್ ಆಯಿತು. ಮಗಳು ಎರಡು ವಾರಕ್ಕೆಂದು ಬಂದಳು. ಬಂದವಳು ಬೆಳಿಗ್ಗೆ ರೂಮಿನ ಬಾಗಿಲು ಹಾಕಿಕೊಂಡರೆ ರಾತ್ರಿ ಊಟಕ್ಕೇ ಹೊರಗೆ. ವಾಕರ್ ಹಿಡಿದು ಇವಳೇ ಹೋಗಿ ಬಾಗಿಲು ತಟ್ಟಿದಳು. "ಅಮ್ಮಾ, ನಾನು ಆಫೀಸಲ್ಲಿದ್ದೀನಿ" ಎಂದಳು ಮಗಳು. "ಹಾಗಾದ್ರೆ ಮನೆಗೆ ಯಾವಾಗ ಬರ್ತೀಯ?" ಅಂದಳು ಇವಳು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ತಪ್ಪು ಯಾರದು? ಸಂಬಳ ಪಡೆದ ಹೊತ್ತು ಕಂಪನಿಯದು, ಅದನ್ನು ಕದಿಯಬಾರದು. ಬ್ಯಾಂಕಿನಲ್ಲಿ ಬಾಳಿದ ನಾನು ಬೇರೆ ಮಾತಾಡಲಾರೆ. ಹಾಗೆಯೇ ಸಂಬಳ ಕೊಡದ ಹೊತ್ತನ್ನು ಕಂಪನಿ ಕದಿಯುವುದೂ ತಪ್ಪೇ. ಕೆಲಸದ ಹೊತ್ತು ಮುಗಿದ ಮೇಲೆ ಫೋನಿಗೆ, ಮೇಲಿಗೆ ಉತ್ತರಿಸದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಲ್ಲೇ ಕಾನೂನಾಗಿ ಬಂತು. ಆದರೆ ನಮ್ಮ ಶಟರನ್ನು ನಾವೇ ಎಳೆಯದಿದ್ದರೆ ಕಾನೂನು ಬಂದು ಎಳೆಯುತ್ತದೆಯೇ?

ಇಲ್ಲಿ ನನ್ನದೂ ಒಂದು ಲೆಕ್ಕ ಬಾಕಿ ಇದೆ. ತಿರುವನಂತಪುರದಲ್ಲಿದ್ದಾಗ ಊರಲ್ಲಿ ನಮ್ಮಮ್ಮ ಹಾಸಿಗೆ ಹಿಡಿದರು. ರಜ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜವೆಂದರೆ ನಾನು ರಜ ಕೇಳಿರಲೇ ಇಲ್ಲ. ಸೆಪ್ಟೆಂಬರಿನ ಅರ್ಧವಾರ್ಷಿಕ ಕ್ಲೋಸಿಂಗ್ ಮುಗಿಯಲಿ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಹೋದರು. ಆ ದೂರ ನನಗೆ ನೋವು ಕೊಟ್ಟದ್ದು ಹೌದು, ನೆಪವನ್ನೂ ಕೊಟ್ಟಿತು. ಮಗಳ ಪೀಳಿಗೆಗೆ ಆ ನೆಪ ಇಲ್ಲ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದಾದವರು ಬರಲಿಲ್ಲವೆಂದರೆ, ಬಂದೂ ಸಿಗಲಿಲ್ಲವೆಂದರೆ, ಅದು ರೈಲಿನ ತಪ್ಪಲ್ಲ.

ಹಾಗಾಗಿ ಮಗಳಿಗೆ ಹೇಳಿದ್ದನ್ನೇ ಪರವೂರಿನಲ್ಲಿರುವ ಮಕ್ಕಳಿಗೆಲ್ಲ ಹೇಳುತ್ತೇನೆ. ಕೆಲಸಕ್ಕೆ ಒಂದು ಮೇಜು ಇರಲಿ, ಮಂಚದ ಮೇಲೆ ಬೇಡ. ಏಳುವ ಹೊತ್ತನ್ನು ಮೇಲಿನವರಿಗೂ ಮನೆಯವರಿಗೂ ಮೊದಲೇ ತಿಳಿಸಿ. ಊಟದ ತಟ್ಟೆಯ ಪಕ್ಕ ಫೋನು ಬೇಡ. ಊರಿಂದ ಕೆಲಸ ಮಾಡುವುದಾದರೆ ಆಫೀಸಿಗೆ ಹೇಳಿಯೇ ಬನ್ನಿ, ಮುಚ್ಚಿಟ್ಟರೆ ಮನಸ್ಸು ಎರಡೂ ಕಡೆ ಇರುವುದಿಲ್ಲ. ಕಾಯಿಲೆಯವರನ್ನು ನೋಡಲು ಬರುವುದಾದರೆ ಎರಡು ದಿನವಾದರೂ ರಜ ಹಾಕಿ. ರಜ ಕೇಳಿ ಇಲ್ಲವೆನಿಸಿಕೊಳ್ಳುವುದು ಬೇರೆ, ಕೇಳದೇ ಇರುವುದು ಬೇರೆ.

ಮೊನ್ನೆ ಮಗಳು ಬಂದಿದ್ದಳು. ಸಂಜೆ ಆರೂವರೆಗೆ ರೂಮಿನ ಬಾಗಿಲು ತೆರೆದ ಸದ್ದು. ಇವಳು ಕಾಫಿಗೆ ಹಾಲಿಟ್ಟಳು. "ಬಂದ್ಯಾ?" ಎಂದಳು. "ಬಂದೆ ಅಮ್ಮಾ."