ದುಡಿಯುವವನು ಏಕೆ ಉಳಿಯುತ್ತಾನೆ?

ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕಿದವರು ನಿಲ್ಲುವುದಿಲ್ಲ ಎಂಬ ದೂರು ಇಂದು ಎಲ್ಲೆಡೆ ಕೇಳಿಬರುತ್ತದೆ. ಪೇಟೆಯ ಸಣ್ಣ ಅಂಗಡಿಯವನಿಂದ ಹಿಡಿದು ದೊಡ್ಡ ಕಂಪೆನಿಯ ಆಡಳಿತಗಾರನವರೆಗೆ ಎಲ್ಲರದೂ ಇದೇ ಮಾತು. ಈಗಿನವರಿಗೆ ಸಹನೆಯಿಲ್ಲ, ನಾಲ್ಕು ಕಾಸು ಹೆಚ್ಚು ಸಿಕ್ಕಿದರೆ ಪಕ್ಕದವನ ಬಳಿಗೆ ಹೋಗುತ್ತಾರೆ ಎಂದು ತೀರ್ಪನ್ನೂ ಕೊಟ್ಟುಬಿಡುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯನ್ನು ನೆನಪಿಸುವವರೂ ಇದ್ದಾರೆ. ಆದರೆ ಈ ದೂರಿನೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ದುಡಿಯುವವನೊಬ್ಬ ಒಂದೆಡೆ ಉಳಿದನೆಂದರೆ ಅವನು ತೃಪ್ತನೆಂದು ಅರ್ಥವೇ? ಬಿಟ್ಟುಹೋದನೆಂದರೆ ಅವನು ಕೃತಘ್ನನೇ?

ಈ ದೂರು ಹೊಸತೇನಲ್ಲ. ಅಮೆರಿಕದ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿ ಹೆನ್ರಿ ಫೋರ್ಡನ ಕಾರು ಕಾರ್ಖಾನೆಯಿತ್ತು. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಕಾರು ಕೆಲಸಗಾರನ ಮುಂದೆ ಸಾಗಿಹೋಗುತ್ತದೆ. ಅವನು ನಿಂತಲ್ಲೇ ನಿಂತು ದಿನವಿಡೀ ಒಂದೇ ತಿರುಪನ್ನು ಬಿಗಿಯುತ್ತಿರಬೇಕು. ಒಂದು ಕಾರಿನ ಚಾಸಿಸ್ ಜೋಡಿಸಲು ಹಿಂದೆ ಹನ್ನೆರಡೂವರೆ ಗಂಟೆ ತಗಲುತ್ತಿತ್ತು. ಅದು ಒಂದೂವರೆ ಗಂಟೆಗೆ ಇಳಿಯಿತು. ಮಾಲಕನಿಗೆ ಇದಕ್ಕಿಂತ ದೊಡ್ಡ ಲಾಭ ಬೇರೇನು ಬೇಕು! ಆದರೆ ಅದೇ ವರ್ಷ ಕೆಲಸಗಾರರು ಹಿಂಡುಹಿಂಡಾಗಿ ಬಿಟ್ಟುಹೋದರು. ಸುಮಾರು 14,000 ಮಂದಿಯ ಪಡೆಯನ್ನು ಕಾಯ್ದುಕೊಳ್ಳಲು ಒಂದೇ ವರ್ಷದಲ್ಲಿ 52,000ದಷ್ಟು ಮಂದಿಯನ್ನು ನೇಮಿಸಬೇಕಾಯಿತು. ಕೈಯಲ್ಲಿ ಕಸುಬಿದ್ದವನಿಗೆ ನಿನ್ನ ಕೈ ಸಾಕು, ಕಸುಬು ಬೇಡ ಎಂದರೆ ಅವನು ನಿಲ್ಲುವುದಾದರೂ ಹೇಗೆ?

1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಐದು ಡಾಲರಿಗೆ ಏರಿಸಿದನು. ಇದು ಹಿಂದಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಒಂಬತ್ತು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿದನು. ಕಾರ್ಖಾನೆಯ ಗೇಟಿನ ಮುಂದೆ ಸಾವಿರಾರು ಮಂದಿ ಕೆಲಸ ಕೇಳಿ ಬಂದು ನಿಂತರು. ಬಿಟ್ಟುಹೋಗುವವರ ಸಂಖ್ಯೆ ಬಹಳವಾಗಿ ಇಳಿಯಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಐದು ಡಾಲರಿಗೆ ಒಂದು ಬಾಲವಿತ್ತು. ಅದರಲ್ಲಿ ಸುಮಾರು ಅರ್ಧದಷ್ಟು ಲಾಭಾಂಶದ ಹೆಸರಿನಲ್ಲಿ ಕೊಡುವ ಹಣ. ಅದನ್ನು ಪಡೆಯಲು ಕೆಲಸಗಾರನು ಮಾಲಕನ ಕಣ್ಣಿಗೆ ಸಚ್ಚಾರಿತ್ರ್ಯದವನಾಗಿ ಕಾಣಬೇಕಿತ್ತು. ಕಂಪೆನಿಯ ‘ಸಮಾಜಶಾಸ್ತ್ರ ವಿಭಾಗ’ದ ತನಿಖೆಗಾರರು ಮನೆಗೆ ಬಂದು, ಇವನು ಕುಡಿಯುತ್ತಾನೆಯೇ, ಹಣ ಉಳಿಸುತ್ತಾನೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ವಿಚಾರಿಸುತ್ತಿದ್ದರು. ಕುಡಿತವನ್ನು ಇಸ್ಲಾಮ್ ಕಟ್ಟುನಿಟ್ಟಾಗಿ ನಿಷೇಧಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಹಾಗೆಯೇ ಪರರ ಗುಟ್ಟುಗಳನ್ನು ಕೆದಕಿ ನೋಡುವುದನ್ನೂ ಅದೇ ಇಸ್ಲಾಮ್ ನಿಷೇಧಿಸಿದೆ. ಒಬ್ಬನ ಬೆವರನ್ನು ಕೊಂಡವನು ಅವನ ಅಡುಗೆಮನೆಯನ್ನೂ ಕೊಂಡವನಂತೆ ವರ್ತಿಸಿದರೆ, ಕೊಟ್ಟ ಕೂಲಿ ಎಷ್ಟೇ ದೊಡ್ಡದಿರಲಿ, ಅಲ್ಲಿ ಮಾನ ಉಳಿಯುವುದಿಲ್ಲ.

ಮುಂದೆ ಇದೇ ವಿಷಯದಲ್ಲಿ ಶಾಸ್ತ್ರೀಯ ಅಧ್ಯಯನಗಳೂ ನಡೆದವು. ಫ್ರೆಡರಿಕ್ ಹರ್ಝ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನು ತನ್ನ ಸಂಗಡಿಗರೊಂದಿಗೆ ಪಿಟ್ಸ್‌ಬರ್ಗ್‌ನ ಸುಮಾರು 200 ಇಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತನಾಡಿಸಿ, 1959ರಲ್ಲಿ ಒಂದು ಗ್ರಂಥ ಪ್ರಕಟಿಸಿದನು. ಅತೃಪ್ತಿಯ ಕಾರಣಗಳು ಬೇರೆ, ತೃಪ್ತಿಯ ಕಾರಣಗಳು ಬೇರೆ ಎಂಬುದು ಅವನ ವಾದ. ಸಂಬಳ ಸಾಲದಿದ್ದರೆ, ಮೇಲಧಿಕಾರಿ ಒರಟನಾಗಿದ್ದರೆ, ನಿಯಮಗಳು ಅನ್ಯಾಯದವಾಗಿದ್ದರೆ ಮನುಷ್ಯ ಅತೃಪ್ತನಾಗುತ್ತಾನೆ. ಆದರೆ ಅವೆಲ್ಲ ಸರಿಯಾದ ಮಾತ್ರಕ್ಕೆ ತೃಪ್ತಿ ಬಂದುಬಿಡುವುದಿಲ್ಲ. ಕೆಲಸದಲ್ಲಿ ಏನನ್ನಾದರೂ ಸಾಧಿಸಿದ ಭಾವ, ನಾಲ್ಕು ಜನ ಗುರುತಿಸುವುದು, ತನ್ನ ಮೇಲೆ ಹೊಣೆ ಹೊರಿಸುವುದು, ಇವುಗಳಿಂದ ತೃಪ್ತಿ ಹುಟ್ಟುತ್ತದೆ. ಈ ವಾದವನ್ನು ಆಮೇಲಿನ ವಿದ್ವಾಂಸರು ಸಾಕಷ್ಟು ಪ್ರಶ್ನಿಸಿದ್ದಾರೆ. ನನಗಂತೂ ಇದು ಹೊಟ್ಟೆ ತುಂಬಿದವರ ಲೆಕ್ಕವೆಂದು ತೋರುತ್ತದೆ. ಇಂಜಿನಿಯರನಿಗೆ ಮನ್ನಣೆ ಬೇಕು, ನಿಜ. ಬೀಡಿ ಕಟ್ಟುವ ತಾಯಿಗೆ ಮೊದಲು ಎಲೆಯ ತೂಕದಲ್ಲಿ ಮೋಸವಾಗದಿದ್ದರೆ ಸಾಕು.

ನಮ್ಮ ರಾಜ್ಯದ ಒಂದು ಘಟನೆಯನ್ನು ಇಲ್ಲಿ ನೆನಪಿಸಬಹುದು. ಭವಿಷ್ಯನಿಧಿಯಲ್ಲಿ ಮಾಲಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು 2016ರಲ್ಲಿ ಕೇಂದ್ರ ಸರಕಾರ ತಂದಾಗ, ಎಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ರಸ್ತೆಗಿಳಿದರು. ಎರಡೇ ದಿನಗಳಲ್ಲಿ ಸರಕಾರ ಆ ನಿಯಮವನ್ನು ಕೈಬಿಟ್ಟಿತು. ಆ ಮಹಿಳೆಯರಲ್ಲಿ ಅನೇಕರಿಗೆ ಮಗಳ ಮದುವೆಗೋ ಮನೆಯವರ ಕಾಯಿಲೆಗೋ ಒಟ್ಟಿಗೆ ಒಂದಿಷ್ಟು ಹಣ ಕಾಣುವ ದಾರಿಯೆಂದರೆ ಕೆಲಸ ಬಿಟ್ಟು ಆ ನಿಧಿಯನ್ನು ಪಡೆಯುವುದೇ ಆಗಿತ್ತು. ತನ್ನದೇ ಹಣ ಕೈಗೆ ಬರಲು ಕೆಲಸ ಬಿಡಬೇಕಾದವಳನ್ನು ನಿಷ್ಠೆಯಿಲ್ಲದವಳೆಂದು ಕರೆಯಲು ಯಾರಿಗೆ ಮನಸ್ಸು ಬಂದೀತು?

ಹಾಗಾದರೆ ದುಡಿಸಿಕೊಳ್ಳುವವನೂ ದುಡಿಯುವವನೂ ಪರಸ್ಪರ ಹೇಗಿರಬೇಕು? ಪವಿತ್ರ ಕುರ್‌ಆನಿನ ‘ಅಲ್‌ಕಸಸ್’ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರವರು ಕೂಲಿಗೆ ನಿಂತ ಪ್ರಸಂಗವಿದೆ. ಅದನ್ನು ನಾವು ಕಥೆಯಂತೆ ಓದಿ ಮುಂದೆ ಹೋಗುತ್ತೇವೆ, ಒಂದು ಕರಾರಿನಂತೆ ಓದುವುದು ಕಡಿಮೆ. ಈಜಿಪ್ಟಿನಿಂದ ಪಲಾಯನ ಮಾಡಿ ಮದ್‌ಯನ್ ತಲುಪಿದ ಅವರು ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರುಣಿಸಿ, ಏನನ್ನೂ ಕೇಳದೆ ನೆರಳಿಗೆ ಸರಿದರು. ಆ ಹೆಣ್ಣುಮಕ್ಕಳ ವೃದ್ಧ ತಂದೆ ಮಾಡಿದ ಮೊದಲ ಕೆಲಸವೆಂದರೆ, ಆ ನೀರುಣಿಸಿದ್ದಕ್ಕೆ ಪ್ರತಿಫಲ ಕೊಡಲು ಅವರನ್ನು ಮನೆಗೆ ಕರೆಸಿದ್ದು. ಬೇಡದವನಿಗೂ ಅವನ ಹಕ್ಕನ್ನು ಕರೆದು ಕೊಟ್ಟ ಮೇಲೆಯೇ ನೇಮಕದ ಮಾತು ಬಂತು. ತನ್ನ ಒಬ್ಬ ಮಗಳನ್ನು ವಿವಾಹ ಮಾಡಿಕೊಡುವುದಾಗಿಯೂ ಅದಕ್ಕೆ ಪ್ರತಿಯಾಗಿ ಎಂಟು ವರ್ಷ ದುಡಿಯಬೇಕೆಂದೂ ಆತ ಹೇಳಿದರು. ಹತ್ತು ವರ್ಷ ಪೂರ್ಣಗೊಳಿಸಿದರೆ ಅದು ಮೂಸಾ(ಅ)ರ ಇಚ್ಛೆ. ಅವರಿಗೆ ಕಷ್ಟ ಕೊಡುವ ಉದ್ದೇಶ ತನಗಿಲ್ಲವೆಂಬುದನ್ನೂ ಸ್ಪಷ್ಟಪಡಿಸಿದರು. ಎರಡರಲ್ಲಿ ಯಾವ ಅವಧಿಯನ್ನು ಮುಗಿಸಿದರೂ ತನ್ನ ಮೇಲೆ ಒತ್ತಡ ಇರಕೂಡದೆಂದು ಮೂಸಾ(ಅ) ಕೂಡ ಮುಕ್ತವಾಗಿ ಹೇಳಿದರು. ಅಲ್ಲಾಹನೇ ಸಾಕ್ಷಿಯಾದನು.

ಇಲ್ಲಿ ಗಮನಿಸಬೇಕಾದುದು ಆ ಎರಡು ವರ್ಷಗಳ ಅಂತರ. ಕಡ್ಡಾಯವಾದುದು ಎಂಟು, ಮಿಕ್ಕ ಎರಡು ಮನಸ್ಸಿನದು. ಮೂಸಾ(ಅ) ದೀರ್ಘ ಅವಧಿಯನ್ನೇ ಪೂರ್ಣಗೊಳಿಸಿದರೆಂದು ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ಹತ್ತು ವರ್ಷವನ್ನೂ ಕರಾರಿನಲ್ಲೇ ಬರೆಸಿಕೊಂಡಿದ್ದರೆ ಕೊನೆಯ ಎರಡು ವರ್ಷ ಬರೇ ಸಾಲ ತೀರಿಸಿದಂತಾಗುತ್ತಿತ್ತು.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಹರಿತವಾದುದು. ಝೈದ್ ಬಿನ್ ಹಾರಿಸ(ರ) ಬಾಲ್ಯದಲ್ಲಿ ಸೆರೆಸಿಕ್ಕಿ ಗುಲಾಮರಾಗಿ ಮಾರಲ್ಪಟ್ಟವರು. ಖದೀಜ(ರ)ರ ಮೂಲಕ ಮುಹಮ್ಮದ್(ಸ)ರ ಮನೆ ಸೇರಿದವರು. ಇದು ಪ್ರವಾದಿತ್ವಕ್ಕಿಂತ ಮುಂಚಿನ ಮಾತು. ಮಗನ ಸುಳಿವು ತಿಳಿದು ತಂದೆಯೂ ಚಿಕ್ಕಪ್ಪನೂ ಬಿಡುಗಡೆಯ ಹಣ ಹಿಡಿದುಕೊಂಡು ಮಕ್ಕಾಕ್ಕೆ ಬಂದರು. ಆಯ್ಕೆ ಝೈದರದೇ ಆಗಲಿ, ನಿಮ್ಮೊಂದಿಗೆ ಬರುವುದಾದರೆ ಹಣವೇ ಬೇಡ ಎಂದು ಅವರಿಗೆ ಉತ್ತರ ಸಿಕ್ಕಿತು. ಝೈದ್ ಉಳಿದರು. ಹೆತ್ತ ತಂದೆ ಎದುರಿಗೆ ನಿಂತು ಕರೆಯುತ್ತಿದ್ದಾಗ, ಬಾಗಿಲು ಪೂರ್ಣ ತೆರೆದಿದ್ದಾಗ ಉಳಿದರು. ಆಮೇಲೆ ಅವರಿಗೆ ಸ್ವಾತಂತ್ರ್ಯವೂ ಮಗನ ಸ್ಥಾನವೂ ದೊರೆಯಿತು. ಆ ಮನೆಯಲ್ಲಿ ಅವರನ್ನು ನಡೆಸಿಕೊಂಡ ರೀತಿ ಎಂಥದ್ದಿರಬಹುದು? ಮದೀನಾದಲ್ಲಿ ಹತ್ತು ವರ್ಷ ಪ್ರವಾದಿ(ಸ)ಯವರ ಸೇವೆ ಮಾಡಿದ ಅನಸ್(ರ)ರ ಅನುಭವದಿಂದ ಅದನ್ನು ಊಹಿಸಬಹುದು. ಅಷ್ಟು ವರ್ಷಗಳಲ್ಲಿ ಒಂದು ಬೇಸರದ ಉದ್ಗಾರವನ್ನೂ ತಾನು ಕೇಳಲಿಲ್ಲವೆಂದು ಅವರು ತಿಳಿಸಿದ್ದಾರೆ.

ಉಳಿಯುವುದು ತೃಪ್ತಿಯ ಗುರುತಾಗಬೇಕಾದರೆ ಹೋಗುವ ದಾರಿ ತೆರೆದಿರಬೇಕು. ನಮ್ಮ ಕರಾವಳಿಯ ಸಾವಿರಾರು ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಲ್ಲಿ ರಾಷ್ಟ್ರಗಳ ‘ಕಫಾಲ’ ಪದ್ಧತಿಯಲ್ಲಿ ಕಾರ್ಮಿಕನ ವಾಸದ ಪರವಾನಿಗೆಯೇ ಕಫೀಲನ ಕೈಯಲ್ಲಿರುತ್ತಿತ್ತು. ಅವನ ಒಪ್ಪಿಗೆಯ ಪತ್ರವಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿಲ್ಲ. ಕೆಲವೆಡೆ ಊರಿಗೆ ಮರಳುವಂತೆಯೂ ಇಲ್ಲ. ಪಾಸ್‌ಪೋರ್ಟನ್ನು ತೆಗೆದಿರಿಸಿಕೊಳ್ಳುವುದು ಕಾನೂನಿಗೆ ವಿರುದ್ಧವಾಗಿದ್ದರೂ ನಡೆದೇ ಇತ್ತು. ಕತಾರ್ 2020ರಲ್ಲಿ ಈ ಒಪ್ಪಿಗೆ ಪತ್ರದ ನಿಯಮವನ್ನು ತೆಗೆದುಹಾಕಿತು. ಸೌದಿ ಅರೇಬಿಯ 2021ರ ಮಾರ್ಚ್‌ನಿಂದ ಖಾಸಗಿ ಕ್ಷೇತ್ರದಲ್ಲಿ ನಿಯಮ ಸಡಿಲಿಸಿತಾದರೂ ಮನೆಗೆಲಸದವರನ್ನೂ ಮನೆಯ ಚಾಲಕರನ್ನೂ ಆ ಸುಧಾರಣೆಯ ಹೊರಗಿಟ್ಟಿತು. ಹತ್ತು ವರ್ಷ ಒಬ್ಬನೇ ಕಫೀಲನ ಬಳಿ ಇದ್ದೆ ಎಂದು ಹೇಳುವವರಲ್ಲಿ ಪ್ರೀತಿಯಿಂದ ಇದ್ದವರೂ ಇದ್ದಾರೆ, ಬೇರೆ ದಾರಿಯಿಲ್ಲದೆ ಇದ್ದವರೂ ಇದ್ದಾರೆ. ಹೊರಗಿನಿಂದ ನೋಡುವವನಿಗೆ ಇಬ್ಬರೂ ಒಂದೇ.

ಇಲ್ಲಿ ನಾವು ಧಾರ್ಮಿಕರು ಮಾಡುವ ಒಂದು ಅನ್ಯಾಯದ ಬಗ್ಗೆ ಹೇಳಲೇಬೇಕು. ದುಡಿಯುವವನು ಸಂಬಳ ಸಾಲದೆಂದು ಹೇಳಿದೊಡನೆ ಅವನಿಗೆ ಸಬ್ರ್ ಮತ್ತು ಖನಾಅತ್‌ಗಳ ಉಪದೇಶ ಆರಂಭವಾಗುತ್ತದೆ. ಇರುವುದರಲ್ಲಿ ತೃಪ್ತಿಪಡುವುದು ಮಹಾಗುಣವೇ ಸರಿ. ಆದರೆ ಅದು ಸತ್ಯವಿಶ್ವಾಸಿಯು ತನ್ನ ಪ್ರಭುವಿನ ಮುಂದೆ ತಾನಾಗಿ ತೋರುವ ಗುಣ. ಕೂಲಿ ಕೊಡಬೇಕಾದವನು ಕೂಲಿಗೆ ಬದಲಾಗಿ ಕೊಡುವ ವಸ್ತುವಲ್ಲ. ಪೂರ್ಣ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ವಾದಿಯಾಗುವನೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಆ ಎಚ್ಚರಿಕೆ ಕೊಡಬೇಕಾದವನಿಗೆ, ಕಾಯುತ್ತಿರುವವನಿಗಲ್ಲ.

ನಮ್ಮ ಮದ್ರಸಗಳನ್ನೇ ನೋಡಿರಿ. ಪ್ರತಿ ಶವ್ವಾಲ್‌ನಲ್ಲಿ ಎಷ್ಟು ಜಮಾಅತ್‌ಗಳಲ್ಲಿ ಉಸ್ತಾದರು ಬದಲಾಗುತ್ತಾರೆ! ಈಗಿನ ಉಸ್ತಾದರಿಗೆ ಇಖ್ಲಾಸ್ ಇಲ್ಲ, ಹಣದ ಹಿಂದೆ ಹೋಗುತ್ತಾರೆ ಎಂಬ ಮಾತು ಆಗ ಕಮಿಟಿಯ ಸಭೆಗಳಲ್ಲಿ ಕೇಳಿಬರುತ್ತದೆ. ಹೋದವರು ಎಲ್ಲಿಗೆ ಹೋದರೆಂದು ವಿಚಾರಿಸಿದರೆ, ಕೆಲವರು ಅಂಗಡಿ ಇಟ್ಟಿರುತ್ತಾರೆ, ಕೆಲವರು ಕೊಲ್ಲಿಗೆ ಹೋಗಿರುತ್ತಾರೆ. ಸುಬ್‌ಹಿಯ ಬಳಿಕ ಮಕ್ಕಳಿಗೆ ಪಾಠ, ಐದು ಹೊತ್ತಿನ ನಮಾಝ್, ಜುಮಾದ ಖುತ್ಬಾ, ಮದುವೆ, ಮರಣ, ಮನೆ ಮನೆಯ ದುಆ, ಎಲ್ಲವೂ ಒಬ್ಬರ ಹೆಗಲಿಗೆ. ಸಂಬಳದ ದಿನ ಬಂದಾಗ ತಿಂಗಳ ಚಂದಾ ಪೂರ್ತಿ ವಸೂಲಾಗಿಲ್ಲವೆಂಬ ಉತ್ತರ. ಸರದಿಯ ಮನೆಗಳ ಊಟ. ಹೆಂಡತಿ ಮಕ್ಕಳು ದೂರದ ಊರಲ್ಲಿ. ಇಷ್ಟಾದ ಮೇಲೂ ಮೂರನೇ ತರಗತಿಗೆ ಯಾವ ಪಾಠ ಹೇಗೆ ಕಲಿಸಬೇಕೆಂದು ಅವರನ್ನು ಕೇಳುವವರಿಲ್ಲ. ಅಲಿಫ್ ಬಾ ಬಾರದ ಸದಸ್ಯರು ತೀರ್ಮಾನಿಸಿರುತ್ತಾರೆ. ನಾನು ಬಲ್ಲ ಒಬ್ಬ ಉಸ್ತಾದರು ಸಂಬಳದ ವಿಷಯಕ್ಕಿಂತಲೂ ಇದನ್ನೇ ಹೆಚ್ಚು ನೊಂದು ಹೇಳಿದ್ದುಂಟು. ಹೊಟ್ಟೆ ತುಂಬಿದವರ ಲೆಕ್ಕವೆಂದು ನಾನು ಮೇಲೆ ಹೇಳಿದ ಆ ಅಮೆರಿಕದವನ ಮಾತಿನಲ್ಲಿ ಸತ್ಯದ ಅಂಶವೂ ಇದೆಯೆಂದು ಆಗ ತೋರಿತು.

ಇದಕ್ಕೆ ವ್ಯತಿರಿಕ್ತವಾದ ಒಂದು ಜಮಾಅತನ್ನೂ ನಾನು ಕಂಡಿದ್ದೇನೆ. ಅಲ್ಲಿ ಒಬ್ಬರೇ ಉಸ್ತಾದರು ಹನ್ನೊಂದು ವರ್ಷಗಳಿಂದ ಇದ್ದಾರೆ. ಸಂಬಳ ನೆರೆಯೂರಿಗಿಂತ ಹೆಚ್ಚೇನಲ್ಲ. ಆದರೆ ಅದು ತಿಂಗಳ ಮೊದಲ ವಾರದೊಳಗೆ ಕೈ ಸೇರುತ್ತದೆ. ಮಸೀದಿಯ ಹಿಂದೆ ಕುಟುಂಬಕ್ಕೆಂದು ಎರಡು ಕೋಣೆಯ ಮನೆ ಕಟ್ಟಿಸಿದ್ದಾರೆ. ರಜೆ ಎಷ್ಟು, ಕೆಲಸ ಯಾವುದು, ಯಾವುದು ಅವರ ಕೆಲಸವಲ್ಲ ಎಂಬುದು ಕಾಗದದಲ್ಲಿ ಬರೆದಿದೆ. ಮದ್ರಸದ ವಿಚಾರದಲ್ಲಿ ಅವರ ಮಾತೇ ಕೊನೆಯದು. ಪೇಟೆಯ ದೊಡ್ಡ ಮಸೀದಿಯಿಂದ ಕರೆ ಬಂದಾಗ ಅವರು ಕಮಿಟಿಗೆ ತಿಳಿಸಿದರಂತೆ. ನಿಮ್ಮಿಷ್ಟ, ಶಅಬಾನಿನ ಪರೀಕ್ಷೆಯವರೆಗೆ ಮಾತ್ರ ಇದ್ದುಕೊಡಿ ಎಂದರಂತೆ ಅಧ್ಯಕ್ಷರು.

ಹಾಗೆಂದು ಹೊಣೆ ಒಂದು ಕಡೆಯದು ಮಾತ್ರವಲ್ಲ. ತನಗೆ ಅಳೆದುಕೊಳ್ಳುವಾಗ ತುಂಬಿ ಅಳೆದು, ಇತರರಿಗೆ ಅಳೆದು ಕೊಡುವಾಗ ಕಡಿಮೆ ಮಾಡುವವರನ್ನು ಕುರ್‌ಆನ್ ಖಂಡಿಸಿದೆ. ಅದು ತಕ್ಕಡಿ ಹಿಡಿದವನಿಗೆ ಅನ್ವಯಿಸುವಂತೆ ಗಂಟೆ ಲೆಕ್ಕದಲ್ಲಿ ದುಡಿಯುವವನಿಗೂ ಅನ್ವಯಿಸುತ್ತದೆ. ಕೆಲಸ ಬಿಡುವ ಹಕ್ಕು ಉಸ್ತಾದರಿಗೂ ಇದೆ. ಆದರೆ ಮಕ್ಕಳ ಓದು ಅರ್ಧದಲ್ಲಿರುವಾಗ, ರಬೀಉಲ್ ಆಖಿರ್‌ನ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಪೆಟ್ಟಿಗೆ ಕಟ್ಟುವುದು ಬೇರೆ ಮಾತು. ಹೋಗುವುದಿದ್ದರೆ ರಜಬ್‌ನಲ್ಲೇ ಹೇಳಿದರೆ ಶವ್ವಾಲ್‌ಗೆ ಮುಂಚೆ ಇನ್ನೊಬ್ಬರನ್ನು ಹುಡುಕಲು ಕಮಿಟಿಗೆ ಎರಡು ಮೂರು ತಿಂಗಳಾದರೂ ಸಿಗುತ್ತದೆ.