ಒಂದೇ ಹಾಡು, ಎರಡು ಓಟ

ಎರಡು ತಟ್ಟೆಗಳ ಮುಂದೂ 128 ಅಂತಲೇ ಅಂಕಿ ಕಾಣುತ್ತಿದೆ. ಡಿಜೆ ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು ಎರಡೂ ಹಾಡುಗಳ ಪೆಟ್ಟನ್ನು ಒಂದರ ಮೇಲೊಂದು ಕೂರಿಸಿ ಕೈ ತೆಗೆದಿದ್ದಾರೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ‘ಧಡ್’ ಎನ್ನುತ್ತಿದ್ದದ್ದು ‘ಧಧಡ್’ ಆಗುತ್ತದೆ. ಕುಣಿಯುವವರಿಗೆ ಏನಾಯಿತೆಂದು ತಿಳಿಯದು, ಕಾಲುಗಳಿಗೆ ಮಾತ್ರ ಅನುಮಾನ ಬಂದಿರುತ್ತದೆ. ಇಂಥ ಹೊತ್ತಿನಲ್ಲಿ ಬೈಸಿಕೊಳ್ಳುವುದು ಯಾವಾಗಲೂ ತಟ್ಟೆಯ ಕೆಳಗಿರುವ ಮೋಟರ್. ಇವತ್ತು ಆ ಮೋಟರಿನ ಪರವಾಗಿ ನಾಲ್ಕು ಮಾತು ಆಡೋಣ ಅನ್ನಿಸಿದೆ.

ಮೊದಲು ಈ ಯಂತ್ರ ಏನು ಮಾಡುತ್ತದೆ ಎಂದು ನೋಡಬೇಕು. ನ್ಯೂಮಾರ್ಕ್ ಎನ್‌ಎಸ್7, ರೇನ್ ಒನ್, ಪಯನೀರ್ ಡಿಡಿಜೆ-ರೆವ್7 ಮುಂತಾದ ಕಂಟ್ರೋಲರ್‌ಗಳಲ್ಲಿ ತಟ್ಟೆ ತಾನಾಗಿ ತಿರುಗುತ್ತದೆ, ಅದರ ಮೇಲೆ ರೆಕಾರ್ಡಿನಂಥ ಒಂದು ಡಿಸ್ಕೂ ಇರುತ್ತದೆ. ಆದರೆ ಹಾಡು ಆ ಡಿಸ್ಕಿನಲ್ಲಿಲ್ಲ, ಲ್ಯಾಪ್‌ಟಾಪಿನಲ್ಲಿದೆ. ತಿರುಗಾಟವನ್ನು ಒಂದು ಸೆನ್ಸರ್ ಓದಿ ಯುಎಸ್‌ಬಿ ತಂತಿಯಲ್ಲಿ ಸಾಫ್ಟ್‌ವೇರಿಗೆ ಹೇಳುತ್ತದೆ. ಸಾಫ್ಟ್‌ವೇರ್ ಅದೇ ವೇಗದಲ್ಲಿ ಹಾಡನ್ನು ನುಡಿಸುತ್ತದೆ. ಮೋಟರಿನಿಂದ ಸ್ಪೀಕರಿನವರೆಗೆ ಇಷ್ಟೊಂದು ಕೈ ಬದಲಾಗುವ ಕಡೆ ಎಲ್ಲ ತಪ್ಪನ್ನೂ ಮೊದಲನೆಯವನ ತಲೆಗೆ ಕಟ್ಟುವುದು ಅನ್ಯಾಯ.

ಎಷ್ಟು ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ? ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 128 ಅಂದರೆ ನಿಮಿಷಕ್ಕೆ 128 ಪೆಟ್ಟು; ಆ ಓಟದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ, 469 ಮಿಲಿಸೆಕೆಂಡು. ಎರಡು ತಟ್ಟೆಗಳ ನಡುವೆ ಶೇ 0.1ರಷ್ಟು ವ್ಯತ್ಯಾಸವಿದ್ದರೆ ಮೂವತ್ತು ಸೆಕೆಂಡಿನಲ್ಲಿ 30 ಮಿಲಿಸೆಕೆಂಡು ದೂರವಾಗುತ್ತವೆ. ಪೆಟ್ಟು ಒಡೆದು ಎರಡಾದಂತೆ ಕೇಳಲು ಅಷ್ಟು ಸಾಕು. ಐದು ನಿಮಿಷ ಹಾಗೇ ಬಿಟ್ಟರೆ 300 ಮಿಲಿಸೆಕೆಂಡು, ಅಂದರೆ ಅರ್ಧ ಪೆಟ್ಟಿಗಿಂತ ಹೆಚ್ಚು. ಸಾವಿರದಲ್ಲಿ ಒಂದು ಪಾಲಿನ ಈ ತಪ್ಪು ಅಡುಗೆಮನೆಯ ತಕ್ಕಡಿಯಲ್ಲಾದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಮಾತ್ರ ಅದು ಕೂಡುತ್ತಾ ಕೂಡುತ್ತಾ ಬೆಳೆಯುತ್ತದೆ.

ಇದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ, ಜನ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಒಂದು, ಸಮವಾಗಿಯೇ ಓಡುತ್ತಾ ತುಸು ನಿಧಾನವೋ ತುಸು ಬೇಗವೋ ಆಗಿರುವುದು. ಇನ್ನೊಂದು, ಒಟ್ಟಾರೆ ವೇಗ ಸರಿಯಿದ್ದು ಒಳಗೊಳಗೇ ಏರಿಳಿಯುವುದು. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಪ್ರಖ್ಯಾತ ಟರ್ನ್‌ಟೇಬಲ್ 1979ರಲ್ಲಿ ಬಂದಾಗ ಶೇ 0.025 ಎಂದು ಕೊಟ್ಟ ಅಂಕಿ ಈ ಎರಡನೆಯದರದು, ಅಂದರೆ ಏರಿಳಿತದ್ದು. ಅದನ್ನು ಓದಿ ‘ನನ್ನ ಯಂತ್ರ ಜಾರುವುದೇ ಇಲ್ಲ’ ಎಂದು ನಂಬುವವರಿದ್ದಾರೆ. ಮೊದಲನೆಯ ಕಾಯಿಲೆಯ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ. ಏರಿಳಿತವಾದರೆ ಅದರ ಅಂತರವನ್ನು ಎಣಿಸಿ. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅಷ್ಟಷ್ಟು ಹೊತ್ತಿಗೊಮ್ಮೆ ಅದೇ ಎಳೆತ ಮರಳಿ ಬಂದರೆ ತಿರುಗುವ ವಸ್ತುವಿನಲ್ಲೇ ದೋಷವಿದೆ. ಡಿಸ್ಕಿನ ನಡುವಿನ ತೂತು ಪಕ್ಕಕ್ಕೆ ಸರಿದಿರಬಹುದು, ತಟ್ಟೆ ಸೊಟ್ಟಗಾಗಿರಬಹುದು. ಲೆಕ್ಕಕ್ಕೆ ಸಿಗದಂತೆ ಎಲ್ಲೆಂದರಲ್ಲಿ ಮುಗ್ಗರಿಸಿದರೆ ತಂತಿ, ಯುಎಸ್‌ಬಿ ಹಬ್, ಲ್ಯಾಪ್‌ಟಾಪಿನ ಕಡೆ ತಿರುಗಿ.

ಸಮನಾಗಿ ಜಾರುವುದಕ್ಕೆ ಒಂದು ಸರಳ ಪರೀಕ್ಷೆಯಿದೆ, ಆದರೂ ಅದನ್ನು ಮಾಡುವವರು ಕಡಿಮೆ. ಎರಡು ಕಡೆಯೂ ಒಂದೇ ಹಾಡಿನ ಒಂದೇ ಫೈಲು ಹಾಕಿ. ಎರಡು ಹಾಡುಗಳ ಪೆಟ್ಟನ್ನು ತಾನಾಗಿ ಹೊಂದಿಸುವ ಸಿಂಕನ್ನು ಆರಿಸಿ, ವೇಗ ಬದಲಿಸುವ ಪಿಚ್ ಸ್ಲೈಡರನ್ನು ಸೊನ್ನೆಗೆ ತನ್ನಿ. ಮೋಟರ್ ಆರಿಸಿ ಸಾಫ್ಟ್‌ವೇರಿನ ಸ್ವಂತ ಗಡಿಯಾರದ ಮೇಲೆ ನುಡಿಸಲು ಬರುವ ಯಂತ್ರವಾದರೆ ಮೊದಲು ಎರಡನ್ನೂ ಹಾಗೇ ಬಿಡಿ. ಅವು ಒಟ್ಟಿಗೇ ಇರಬೇಕು. ಆಮೇಲೆ ಎಡಗಡೆಯ ಮೋಟರ್ ಒಂದನ್ನೇ ಹಾಕಿ ಕೇಳಿ. ನಂತರ ಅದನ್ನು ಆರಿಸಿ ಬಲಗಡೆಯದು. ಯಾವುದು ಜಾರುತ್ತದೆ, ಮುಂದಕ್ಕೋ ಹಿಂದಕ್ಕೋ, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಎರಡು ಮೋಟರುಗಳನ್ನು ಒಂದಕ್ಕೊಂದು ಹೋಲಿಸುತ್ತಾ ಕೂತರೆ ತಪ್ಪು ಯಾರದೆಂದು ಎಂದಿಗೂ ಗೊತ್ತಾಗುವುದಿಲ್ಲ, ಇಬ್ಬರೂ ಸಮನಾಗಿ ಸುಳ್ಳು ಹೇಳುತ್ತಿರಬಹುದು.

ಹಳಬರು ಇದಕ್ಕೆ ಚುಕ್ಕಿ ನೋಡುತ್ತಿದ್ದರು. ಟೆಕ್ನಿಕ್ಸ್ ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕಿಗಳಿವೆ. ಪಕ್ಕದ ಕೆಂಪು ದೀಪ ಮಿನುಗುತ್ತಿರುವಾಗ ದೊಡ್ಡ ಚುಕ್ಕಿಗಳ ಸಾಲು ನಿಂತಂತೆ ಕಂಡರೆ ವೇಗ ಸರಿಯಿದೆ ಎಂದರ್ಥ. ಆ ದೀಪ ಮಿನುಗುವುದು ಯಂತ್ರದೊಳಗಿನ ಕ್ವಾರ್ಟ್ಜ್ ಹರಳಿನ ಲೆಕ್ಕಕ್ಕೆ. ಇಂಥ ದೀಪವಿಲ್ಲದ ಯಂತ್ರಕ್ಕೆ ಕಾಗದದ ಸ್ಟ್ರೋಬ್ ಡಿಸ್ಕ್ ಇಟ್ಟು ಮನೆಯ ಬಲ್ಬಿನ ಬೆಳಕಿನಲ್ಲಿ ನೋಡುವ ಪದ್ಧತಿಯೂ ಇದೆ, ಎಡವಟ್ಟಾಗುವುದು ಅಲ್ಲಿಯೇ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ; 33⅓ ಸುತ್ತಿಗೆ ಚುಕ್ಕಿ ನಿಲ್ಲಬೇಕಾದರೆ ಡಿಸ್ಕಿನಲ್ಲಿ 180 ಗೆರೆ ಇರಬೇಕು. ಅಮೆರಿಕದ 60 ಹರ್ಟ್ಜ್‌ಗೆ ಮಾಡಿದ ಡಿಸ್ಕಿನಲ್ಲಿ 216 ಗೆರೆ. ಅದನ್ನು ಇಳಿಸಿಕೊಂಡು ಪ್ರಿಂಟ್ ತೆಗೆದು ಇಲ್ಲಿ ಇಟ್ಟರೆ ಎಷ್ಟು ಒಳ್ಳೆಯ ಮೋಟರಾದರೂ ಅಪರಾಧಿಯಾಗುತ್ತದೆ.

ಸರಿಯಾದ ಡಿಸ್ಕೇ ಇದ್ದರೂ ಇನ್ನೊಂದು ತೊಡಕಿದೆ. ನಮ್ಮ ವಿದ್ಯುತ್ ಗ್ರಿಡ್‌ಗೆ ನಿಯಮದಲ್ಲಿ ಹಾಕಿಕೊಟ್ಟಿರುವ ಮಿತಿ 49.90ರಿಂದ 50.05 ಹರ್ಟ್ಜ್. ಗ್ರಿಡ್ 49.90ರಲ್ಲಿದ್ದಾಗ ಚುಕ್ಕಿ ನಿಲ್ಲಿಸಿ ವೇಗ ಹೊಂದಿಸಿದರೆ ತಟ್ಟೆ ಶೇ 0.2ರಷ್ಟು ನಿಧಾನವಾಗಿರುತ್ತದೆ. ಅಂದರೆ ಮೇಲೆ ಲೆಕ್ಕ ಹಾಕಿದ ತಪ್ಪಿನ ಎರಡರಷ್ಟನ್ನು ನಾವೇ ಕೈಯಾರೆ ಒಳಗೆ ಹಾಕಿದಂತಾಯಿತು. ಕಲ್ಯಾಣ ಮಂಟಪದ ಜನರೇಟರಿನ ಬೆಳಕಿನಲ್ಲಂತೂ ಈ ಪರೀಕ್ಷೆ ಬೇಡವೇ ಬೇಡ. ಈಗಿನ ಒಳ್ಳೆಯ ಎಲ್‌ಇಡಿ ಬಲ್ಬುಗಳು ಮಿನುಗುವುದೇ ಇಲ್ಲವಾದ್ದರಿಂದ ಚುಕ್ಕಿಗಳು ಬರೀ ಬೂದು ಪಟ್ಟಿಯಾಗಿ ಕಾಣುತ್ತವೆ. ‘ಕರೆಂಟ್ ಏರುಪೇರಾಗಿದ್ದಕ್ಕೆ ಮೋಟರ್ ಜಾರಿತು’ ಎಂಬ ಮಾತನ್ನೂ ಸೌಂಡಿನವರ ಬಾಯಲ್ಲಿ ಕೇಳುತ್ತೇವೆ. ಈ ಯಂತ್ರಗಳ ಮೋಟರ್ ಓಡುವುದು ಡಿಸಿ ಕರೆಂಟಿನಲ್ಲಿ, ಅದರ ವೇಗವನ್ನು ಹಿಡಿದಿಡುವುದು ಒಳಗಿನ ಹರಳು. ಗೋಡೆಯ ಪ್ಲಗ್ಗಿನ ಹರ್ಟ್ಜ್‌ಗೂ ಅದಕ್ಕೂ ಸಂಬಂಧವಿಲ್ಲ.

ಮೋಟರ್ ಸರಿ, ತಟ್ಟೆಯೂ ಸರಿ ಎಂದಾದ ಮೇಲೆ ತಟ್ಟೆಗೂ ಡಿಸ್ಕಿಗೂ ನಡುವಿನ ಬಟ್ಟೆ, ಸ್ಲಿಪ್‌ಮ್ಯಾಟ್, ಉಳಿಯುತ್ತದೆ. ಸ್ಕ್ರ್ಯಾಚ್ ಮಾಡುವವರಿಗೆ ಡಿಸ್ಕು ತಟ್ಟೆಯ ಮೇಲೆ ಜಾರಬೇಕು, ಮಿಕ್ಸ್ ಮಾಡುವವರಿಗೆ ಜಾರಬಾರದು. ಒಂದೇ ಬಟ್ಟೆ ಈ ಎರಡೂ ಕೆಲಸ ಮಾಡಬೇಕು. ಸೆನ್ಸರ್ ಮೇಲಿನ ಡಿಸ್ಕಿನ ಚಲನೆಯನ್ನು ಓದುವ ಯಂತ್ರದಲ್ಲಿ ಬಟ್ಟೆ ನುಣುಪಾಗಿ ಡಿಸ್ಕು ತುಸು ಹಿಂದೆ ಬಿದ್ದರೆ ಕೆಳಗಿನ ತಟ್ಟೆ ಎಷ್ಟು ನಿಯತ್ತಾಗಿ ತಿರುಗಿದರೂ ಹಾಡು ನಿಧಾನ. ಡಿಸ್ಕಿನ ಮೇಲೊಂದು ಚಾಕ್ ಗೆರೆ, ಅದಕ್ಕೆ ಎದುರಾಗಿ ತಟ್ಟೆಯ ಅಂಚಿಗೊಂದು ಗೆರೆ ಎಳೆದು ಹತ್ತು ನಿಮಿಷ ಓಡಿಸಿ. ಗೆರೆಗಳು ಬೇರೆಯಾಗಿದ್ದರೆ ಮೋಟರ್ ನಿರಪರಾಧಿ, ಬಟ್ಟೆ ಬದಲಿಸಿ. ನನಗೆ ಕೇಳಿದರೆ ಯಂತ್ರ ಬಿಚ್ಚುವ ಮುನ್ನ ಮಾಡಬೇಕಾದ ಕೆಲಸ ಇದೇ. ಖರ್ಚು ಒಂದು ಚೂರು ಚಾಕ್.

ಪಿಚ್ ಸ್ಲೈಡರಿನದು ಬೇರೆ ಕಥೆ. ಈ ಬಗೆಯ ಅನೇಕ ಕಂಟ್ರೋಲರ್‌ಗಳಲ್ಲಿ ಸ್ಲೈಡರ್ ಎಳೆದರೆ ತಟ್ಟೆಯ ವೇಗ ಬದಲಾಗುವುದಿಲ್ಲ, ಸಾಫ್ಟ್‌ವೇರಿನೊಳಗಿನ ಗುಣಕ ಮಾತ್ರ ಬದಲಾಗುತ್ತದೆ. ಒಳಗೆ ಧೂಳು ಕೂತಾಗ ಸ್ಲೈಡರ್ ಒಂದೇ ಕಡೆ ಇದ್ದರೂ ಅಂಕಿ ಅತ್ತಿತ್ತ ಹಾರುತ್ತದೆ. ವ್ಯಾಪ್ತಿ ಶೇ ±8 ಇಟ್ಟಿದ್ದರೆ ಸ್ಲೈಡರಿನ ಓಟದ ಸಾವಿರದಲ್ಲೊಂದು ಪಾಲು ಅಲುಗಾಡಿದಾಗ ಆಗುವ ತಪ್ಪು ಶೇ 0.016. ಅದೇ ±50ಕ್ಕೆ ಇಟ್ಟಿದ್ದರೆ ಅದೇ ಅಲುಗಾಟಕ್ಕೆ ಶೇ 0.1. ಹಾಗಾಗಿ ಬೇಕಿಲ್ಲದಿದ್ದರೂ ವ್ಯಾಪ್ತಿಯನ್ನು ಅಗಲವಾಗಿ ತೆರೆದಿಟ್ಟುಕೊಂಡು ‘ಮೋಟರ್ ಜಾರುತ್ತದೆ’ ಎನ್ನುವವರನ್ನು ನಾನು ನಂಬುವುದಿಲ್ಲ. ವ್ಯಾಪ್ತಿ ಕಿರಿದು ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು, ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ.

ಪರದೆಯ ಮೇಲೆ 128.0 ಎಂಬುದು 127.9 ಆಗಿ, ಮತ್ತೆ 128.1 ಆಗಿ ಕುಣಿಯುವುದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವವರೂ ಇದ್ದಾರೆ. ನಿಜವಾಗಿ ತಿರುಗುವ ವಸ್ತುವನ್ನು ಕ್ಷಣಕ್ಷಣಕ್ಕೂ ಅಳೆದರೆ ಕೊನೆಯ ಅಂಕಿ ಅಷ್ಟು ಆಡುವುದು ಸಹಜ. ಸರಾಸರಿ ನಿಂತಿದ್ದರೆ ಪೆಟ್ಟು ಒಡೆಯುವುದಿಲ್ಲ. ಇನ್ನು ಸಿಂಕ್ ಗುಂಡಿ ಒತ್ತುವುದು ಸುಲಭ, ಆದರೆ ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಸಿಂಕ್ ಇದ್ದೂ ಪೆಟ್ಟು ಒಡೆಯುತ್ತಿದೆ ಎಂದರೆ ತಟ್ಟೆಯ ಗೊಡವೆ ಬಿಟ್ಟು ಹಾಡನ್ನೇ ವಿಚಾರಿಸಿಕೊಳ್ಳಬೇಕು.

ಏಕೆಂದರೆ ಎಷ್ಟೋ ಸಲ ಜಾರುವುದು ಹಾಡೇ. ಲಿನ್ ಎಲ್‌ಎಂ-1, ರೋಲಂಡ್ ಟಿಆರ್-808 ಎಂಬ ಡ್ರಮ್ ಯಂತ್ರಗಳು ಬಂದದ್ದು 1980ರಲ್ಲಿ. ಅದಕ್ಕೂ ಮೊದಲಿನ ರೆಕಾರ್ಡುಗಳಲ್ಲಿ ಪೆಟ್ಟು ಹಾಕುತ್ತಿದ್ದುದು ಬಹುಪಾಲು ಮನುಷ್ಯರೇ, ಮತ್ತು ಮನುಷ್ಯರು ಪಲ್ಲವಿಗೆ ಬಂದಾಗ ಸ್ವಲ್ಪ ಓಡುತ್ತಾರೆ. ನ್ಯೂಯಾರ್ಕಿನ ಮೊದಮೊದಲ ಡಿಜೆಗಳು ಇಂಥ ರೆಕಾರ್ಡುಗಳನ್ನೇ ಜೋಡಿಸುತ್ತಿದ್ದರು. ಅವರ ಬೆರಳು ತಟ್ಟೆಯ ಅಂಚನ್ನು ಬಿಟ್ಟು ದೂರ ಹೋಗುತ್ತಿರಲಿಲ್ಲ. ನಮ್ಮಲ್ಲಿ ರಾಜನ್–ನಾಗೇಂದ್ರ ಜೋಡಿಯ ಎಪ್ಪತ್ತರ ದಶಕದ ಹಾಡುಗಳದೂ ಅದೇ ಸಂಗತಿ. ವಾದ್ಯಗೋಷ್ಠಿಯೇ ಕೂತು ನುಡಿಸಿದ ಆ ಹಾಡಿಗೆ ಸಾಫ್ಟ್‌ವೇರ್ ಮೊದಲ ಪೆಟ್ಟಿನಿಂದ ಕೊನೆಯವರೆಗೆ ಒಂದೇ ಅಳತೆಯ ಗ್ರಿಡ್, ಅಂದರೆ ಪೆಟ್ಟು ಬೀಳಬೇಕಾದ ಜಾಗಗಳ ಗೆರೆಸಾಲು, ಎಳೆದುಬಿಡುತ್ತದೆ. ಚರಣಕ್ಕೆ ಬರುವಷ್ಟರಲ್ಲಿ ತಬಲಾದ ಪೆಟ್ಟು ಒಂದು ಕಡೆ, ಗ್ರಿಡ್ಡಿನ ಗೆರೆ ಇನ್ನೊಂದು ಕಡೆ. ರಿಸೆಪ್ಷನ್ನಿನಲ್ಲಿ ಅದನ್ನು ಈಗಿನ ಹಾಡಿನ ಜೊತೆ ಸಿಂಕ್ ಮಾಡಿದರೆ ಅಷ್ಟೂ ಹೊತ್ತು ಚೆನ್ನಾಗಿದ್ದ ಕಂಟ್ರೋಲರ್ ಇದ್ದಕ್ಕಿದ್ದಂತೆ ಕೆಟ್ಟಂತೆ ಕೇಳುತ್ತದೆ. ಅದಕ್ಕೆ ಮದ್ದು ಪಲ್ಲವಿ, ಹಿನ್ನೆಲೆ ವಾದ್ಯ, ಚರಣ ಶುರುವಾಗುವ ಕಡೆಗಳಲ್ಲೆಲ್ಲ ಗ್ರಿಡ್ಡಿಗೆ ಹೊಸ ಗುರುತು ಹಾಕುವುದು. ಒಂದು ಹಾಡಿಗೆ ಹತ್ತು ನಿಮಿಷ ಹಿಡಿಯಬಹುದು, ಅದನ್ನು ಹಿಂದಿನ ದಿನವೇ ಮನೆಯಲ್ಲಿ ಕೂತು ಮಾಡಿಕೊಳ್ಳಬೇಕು. ಪುರಸೊತ್ತಿಲ್ಲದಿದ್ದರೆ ಸಿಂಕ್ ಆರಿಸಿ, ಡೋಲಕ್ ಶುರುವಾಗುವ ಮೊದಲೇ ಇನ್ನೊಂದು ಹಾಡಿನ ಫೇಡರ್ ಇಳಿಸಿಬಿಡಿ.